ಸೇನೆಯ ರೈಫಲ್ ತೋಟದ ಮನೆಗೆ ಏಕೆ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಇತ್ತೀಚೆಗೆ ಪ್ರಕಟವಾದ ಪತ್ರವೊಂದರಲ್ಲಿ ಮೂಡಿಗೆರೆ ಕಡೆಯ ಯುವಕರೊಬ್ಬರು, ಅಮೆರಿಕದಲ್ಲಿ ಸಾಮಾನ್ಯ ನಾಗರಿಕರು ಹಳೆಯ ಸೇನಾ ರೈಫಲ್‌ಗಳ ಬಿಡಿಭಾಗಗಳನ್ನು ಕೊಂಡು ಮನೆಯ ಷೆಡ್ಡಿನಲ್ಲೇ ಅರೆಸ್ವಯಂಚಾಲಿತ ರೈಫಲ್ ಜೋಡಿಸಿಕೊಳ್ಳುವಂತೆ ನಮ್ಮಲ್ಲಿಯೂ, ಅದರಲ್ಲೂ ಆನೆ ಮತ್ತು ಹಂದಿಗಳ ಕಾಟದಿಂದ ಬೇಸತ್ತಿರುವ ಮಲೆನಾಡಿನ ಬೆಳೆಗಾರರಿಗೆ, ಅವಕಾಶ ಇರಬೇಕೆಂದು ವಾದಿಸಿದ್ದರು. ಪತ್ರದಲ್ಲಿ ಉತ್ಸಾಹವಿತ್ತು, ಯಂತ್ರದ ಬಗ್ಗೆ ನಿಜವಾದ ಆಸಕ್ತಿಯೂ ಇತ್ತು. ಆದರೆ ಅದರಲ್ಲಿದ್ದ ಕಾನೂನಿನ ತಿಳಿವಳಿಕೆಯನ್ನು ನಂಬಿ ಯಾವನಾದರೂ ಹುಡುಗ ಲೇತ್ ಮುಂದೆ ನಿಂತರೆ ಅವನ ಮುಂದಿನ ಬದುಕೇ ಜೈಲಿನಲ್ಲಿ ಕಳೆದೀತು. ಆ ಕಾರಣಕ್ಕೆ ಈ ಪತ್ರ.

ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಅದಕ್ಕೂ ಮೊದಲು ಸೇನೆಯ ಯಂತ್ರ ಮತ್ತು ಆಯುಧಗಳ ದುರಸ್ತಿ ನೋಡಿಕೊಳ್ಳುವ ಇ.ಎಂ.ಇ. ವಿಭಾಗದಲ್ಲಿ ಆರ್ಮರರ್ ಆಗಿ, ಅಂದರೆ ಬಂದೂಕುಗಳನ್ನು ಬಿಚ್ಚಿ, ಅಳೆದು, ಸರಿಪಡಿಸಿ ಮತ್ತೆ ಕೋತ್‌ಗೆ (ಆಯುಧ ಇಡುವ ಕೋಣೆಗೆ) ಒಪ್ಪಿಸುವ ಕೆಲಸದಲ್ಲಿ ಇದ್ದವನು. ಆ ಯುವಕರು ಮೆಚ್ಚಿ ಬರೆದಿದ್ದ ಎಸ್‌ಎಲ್‌ಆರ್, ಅಂದರೆ ನಮ್ಮ ಸೇನೆಯ ಹಳೆಯ ಸೆಲ್ಫ್ ಲೋಡಿಂಗ್ ರೈಫಲ್, ನನಗೆ ಚೆನ್ನಾಗಿ ಗೊತ್ತು. ಅದರ ಮೇಲೆ ನನಗೂ ಪ್ರೀತಿಯಿದೆ. ಆದ್ದರಿಂದ ನನ್ನ ಆಕ್ಷೇಪ ಬಂದೂಕನ್ನು ಕಂಡರೆ ಹೆದರುವವನ ಆಕ್ಷೇಪವೆಂದು ಯಾರೂ ಭಾವಿಸಬೇಕಾಗಿಲ್ಲ.

ಮೊದಲು ಆಯುಧದ ವಿಷಯ. ಅರೆಸ್ವಯಂಚಾಲಿತ ಎಂದರೆ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ. ಆದರೆ ಖಾಲಿ ತೋಟಾವನ್ನು ಹೊರಗೆಸೆದು ಮುಂದಿನ ತೋಟಾವನ್ನು ನಳಿಗೆಗೆ ಏರಿಸುವ ಕೆಲಸವನ್ನು ಬಂದೂಕು ತಾನೇ ಮಾಡಿಕೊಳ್ಳುತ್ತದೆ, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆಯಬೇಕಾಗಿಲ್ಲ. ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡ, ಜಾನ್ ಗರಾಂಡ್ ವಿನ್ಯಾಸಗೊಳಿಸಿದ ಎಂ-1 ರೈಫಲ್ ಈ ಬಗೆಯದು. ಎಂಟು ಗುಂಡುಗಳ ಲೋಹದ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ತುಂಬಬೇಕು. ಕೊನೆಯ ಗುಂಡು ಹೋದ ಕೂಡಲೇ ಕ್ಲಿಪ್ಪು ಠಣ್ಣೆಂದು ಹೊರಕ್ಕೆ ಚಿಮ್ಮುತ್ತದೆ. ಬೆಲ್ಜಿಯಂನ ಎಫ್.ಎನ್. ಕಾರ್ಖಾನೆಯ ಎಫ್.ಎ.ಎಲ್. ಇನ್ನೊಂದು, ತೊಂಬತ್ತಕ್ಕೂ ಹೆಚ್ಚು ದೇಶಗಳ ಪಡೆಗಳು ಅದನ್ನು ಬಳಸಿದವು. 1962ರಲ್ಲಿ ನಮ್ಮ ಸೈನಿಕರು ಹಿಮಾಲಯದಲ್ಲಿ .303 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಬೋಲ್ಟ್ ರೈಫಲ್ ಹಿಡಿದು, ಸ್ವಯಂ ತುಂಬಿಕೊಳ್ಳುವ ಆಯುಧಗಳಿದ್ದ ಚೀನೀ ಪಡೆಯನ್ನು ಎದುರಿಸಬೇಕಾಯಿತು. ಅದರ ನಂತರದ ವರ್ಷಗಳಲ್ಲಿ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 1ಎ1 ಎಂಬುದು ಇದೇ ಎಫ್.ಎ.ಎಲ್. ಮನೆತನದ್ದು. ಹಾಸನ ಜಿಲ್ಲೆಯ ಯಾವ ನಿವೃತ್ತ ಸೈನಿಕರನ್ನು ಕೇಳಿದರೂ ಅದನ್ನು ಎಸ್‌ಎಲ್‌ಆರ್ ಎಂದೇ ಕರೆಯುತ್ತಾರೆ. 7.62 ಮಿಲಿಮೀಟರ್ ಬೋರ್, ಇಪ್ಪತ್ತು ಗುಂಡುಗಳ ಮ್ಯಾಗಜಿನ್, ಹೊತ್ತು ನಡೆದವರ ಹೆಗಲಿಗೆ ಚೆನ್ನಾಗಿ ಗೊತ್ತಿರುವ ತೂಕ. 1971ರ ಯುದ್ಧದಲ್ಲಿ ನಮ್ಮ ಕಾಲಾಳಿನ ಮುಖ್ಯ ಆಯುಧ ಅದೇ ಆಗಿತ್ತು. 5.56 ಮಿಲಿಮೀಟರಿನ ಇನ್ಸಾಸ್ ರೈಫಲ್ ಬಂದ ಮೇಲೆ ಅದು ಸೇನೆಯಿಂದ ಹಿಂದೆ ಸರಿದು ಪೊಲೀಸ್ ಪಡೆಗಳ ಕೈಗೆ ಹೋಯಿತು. ಎಸ್‌ಎಲ್‌ಆರ್‌ನ ಗ್ಯಾಸ್ ರೆಗ್ಯುಲೇಟರನ್ನು (ಯಂತ್ರವನ್ನು ನಡೆಸುವ ಅನಿಲದ ಪ್ರಮಾಣ ಹೊಂದಿಸುವ ಭಾಗವನ್ನು) ಕೊಳೆ, ಚಳಿ, ಮದ್ದಿನ ಬಲಕ್ಕೆ ತಕ್ಕಂತೆ ಹೊಂದಿಸಬಹುದಾದ ಏರ್ಪಾಟು ಇಂದಿಗೂ ನನಗೆ ಅಚ್ಚುಕಟ್ಟಾದ ಯೋಚನೆ ಎನಿಸುತ್ತದೆ. ಇಷ್ಟನ್ನು ಪತ್ರ ಬರೆದ ಯುವಕರೊಂದಿಗೆ ಸಂತೋಷದಿಂದ ಒಪ್ಪುತ್ತೇನೆ.

ಇನ್ನು ಅಮೆರಿಕದ ಪದ್ಧತಿ. ಅಲ್ಲಿಯೂ ಸಂಗತಿ ಆ ಪತ್ರದಲ್ಲಿ ಹೇಳಿದಷ್ಟು ಸಲೀಸಲ್ಲ. ಬೇರೆ ಬೇರೆ ದೇಶಗಳ ಸೇನೆಗಳು ಕೈಬಿಟ್ಟ ರೈಫಲ್‌ಗಳನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ, ಮುಖ್ಯ ಚೌಕಟ್ಟನ್ನು ಕೆಲಸಕ್ಕೆ ಬಾರದಂತೆ ಮಾಡಿ, ಉಳಿದ ಭಾಗಗಳನ್ನು ಮಾತ್ರ ಆ ದೇಶಕ್ಕೆ ತರಲಾಗುತ್ತದೆ. ಅಲ್ಲಿನ ಫೆಡರಲ್ ಕಾನೂನಿನ ಕಣ್ಣಿಗೆ ಬಂದೂಕು ಎಂದರೆ ಆ ಚೌಕಟ್ಟು, ಅಂದರೆ ರಿಸೀವರ್ ಎಂಬ ಭಾಗ. ಹೆಗಲಿಗೊತ್ತಿ ಹಿಡಿಯುವ ಮರದ ಕಟ್ಟಾಗಲಿ, ಸ್ಪ್ರಿಂಗಾಗಲಿ, ಬೋಲ್ಟಾಗಲಿ ಬಿಡಿಯಾಗಿ ಬಂದೂಕಲ್ಲ. ಅಮೆರಿಕದಲ್ಲೇ ಹೊಸದಾಗಿ ತಯಾರಾದ, ಅರೆಸ್ವಯಂಚಾಲಿತವಾಗಿ ಮಾತ್ರ ಕೆಲಸ ಮಾಡಬಲ್ಲ ರಿಸೀವರನ್ನು ಕೊಂಡು ಅದಕ್ಕೆ ಹಳೆಯ ಭಾಗಗಳನ್ನು ಜೋಡಿಸುವುದೇ ಅವರ ಹವ್ಯಾಸ. ಅದಕ್ಕೂ ಮಿತಿಗಳಿವೆ. ಹೀಗೆ ಜೋಡಿಸಿದ ರೈಫಲ್‌ನಲ್ಲಿ, ಸರ್ಕಾರ ಪಟ್ಟಿ ಮಾಡಿರುವ ಇಪ್ಪತ್ತು ಭಾಗಗಳ ಪೈಕಿ ಆಮದಾದವು ಹತ್ತನ್ನು ಮೀರಬಾರದು. 2005ರಿಂದ ಹಳೆಯ ಸೇನಾ ನಳಿಗೆಗಳ ಆಮದಿಗೂ ತಡೆ ಬಿತ್ತು. 1986ರ ಮೇ ತಿಂಗಳ ನಂತರ ತಯಾರಾದ ಮಷಿನ್‌ಗನ್ ಸಾಮಾನ್ಯ ನಾಗರಿಕನ ಬಳಿ ಇರುವಂತಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಇಂತಹ ಅನೇಕ ರೈಫಲ್‌ಗಳಿಗೆ ನಿಷೇಧವೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತಕ್ಕೆ ಮಾಡಿಕೊಂಡ ಬಂದೂಕಿಗೂ ರಾಜ್ಯ ಸರ್ಕಾರದಿಂದ ಕ್ರಮಸಂಖ್ಯೆ ಪಡೆಯಬೇಕು. ಅರ್ಧಂಬರ್ಧ ಕೊರೆದ ರಿಸೀವರ್‌ಗಳನ್ನು ಕಿಟ್ ರೂಪದಲ್ಲಿ ಮಾರಿ ಕ್ರಮಸಂಖ್ಯೆಯ ಕಟ್ಟಳೆಯಿಂದ ನುಣುಚಿಕೊಳ್ಳುತ್ತಿದ್ದ ವ್ಯಾಪಾರವನ್ನು ಹತೋಟಿಗೆ ತರಲು ಅಲ್ಲಿನ ಸರ್ಕಾರ 2022ರಲ್ಲಿ ಮಾಡಿದ ನಿಯಮವನ್ನು ಅವರ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಅಲ್ಲಿನ ಹವ್ಯಾಸಿಗಳ ವಿಡಿಯೊಗಳಲ್ಲಿ ಇದಾವುದೂ ಕಾಣುವುದಿಲ್ಲ; ಫೈಲು, ಡ್ರಿಲ್ಲು, ಎಣ್ಣೆ, ಕೊನೆಗೆ ಗುರಿಹಲಗೆ ಕಾಣುತ್ತದೆ, ಅಷ್ಟೇ.

ನಮ್ಮ ಕಾನೂನಿನ ಬುನಾದಿಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ಎಂಬುದಕ್ಕೆ ಕೊಡುವ ವ್ಯಾಖ್ಯೆಯೊಳಗೆ ಬಂದೂಕಿನ ಭಾಗಗಳೂ, ಬಂದೂಕು ತಯಾರಿಸುವ ಯಂತ್ರಗಳೂ ಸೇರಿವೆ. ಅಮೆರಿಕದಲ್ಲಿ ಬೋಲ್ಟನ್ನು ಅಂಚೆಯಲ್ಲಿ ತರಿಸಿದವನು ಒಂದು ಲೋಹದ ತುಂಡನ್ನು ತರಿಸಿದಂತೆ. ಇಲ್ಲಿ ಅದೇ ಬೋಲ್ಟನ್ನು ತರಿಸಿದವನು ಕಾನೂನಿನ ಪ್ರಕಾರ ಪರವಾನಗಿಯಿಲ್ಲದ ಬಂದೂಕನ್ನೇ ತರಿಸಿದಂತೆ. ಪೂರಕ ಭಾಗಗಳ ಜೊತೆಗೆ ಬಳಸುವ ಉದ್ದೇಶವಿಲ್ಲದ ಚಿಲ್ಲರೆ ಭಾಗಗಳಿಗೆ ವಿನಾಯಿತಿ ಇದೆ ನಿಜ, ಆದರೆ ರೈಫಲ್ ಜೋಡಿಸುವುದೇ ಉದ್ದೇಶವಾದಾಗ ಆ ವಿನಾಯಿತಿ ಯಾರಿಗೂ ರಕ್ಷಣೆ ಕೊಡುವುದಿಲ್ಲ. ಕಾಯ್ದೆಯ ಐದನೆಯ ಕಲಮಿನ ಪ್ರಕಾರ ಬಂದೂಕನ್ನು ತಯಾರಿಸಲು ಮಾತ್ರವಲ್ಲ, ಮಾರ್ಪಡಿಸಲು, ದುರಸ್ತಿ ಮಾಡಲು, ಪರೀಕ್ಷಿಸಲು ಕೂಡ ಪರವಾನಗಿ ಬೇಕು. ಇದನ್ನು ಮೀರಿ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ. ನಿಷೇಧಿತ ಆಯುಧವನ್ನು ಸುಮ್ಮನೆ ಇಟ್ಟುಕೊಂಡರೂ ಏಳರಿಂದ ಹದಿನಾಲ್ಕು ವರ್ಷ. ತಯಾರಿಸಿದ್ದು ಮಾರಾಟಕ್ಕಲ್ಲ, ಗೋಡೆಗೆ ತೂಗುಹಾಕಲು ಎಂಬ ಸಮಜಾಯಿಷಿಗೆ ಇಲ್ಲಿ ಜಾಗವಿಲ್ಲ.

ಸರಿ, ತಯಾರಿಸುವುದು ಬೇಡ, ಕೊಂಡು ಇಟ್ಟುಕೊಳ್ಳೋಣ ಎಂದರೆ ಅದೂ ಆಗದು. 2016ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯಲ್ಲಿ ಅರೆಸ್ವಯಂಚಾಲಿತ ಬಂದೂಕುಗಳೂ, .303 ಅಥವಾ 7.62 ಮಿಲಿಮೀಟರಿನ ಸೇನಾ ತೋಟಾ ಹಾರಿಸಬಲ್ಲ ರೈಫಲ್‌ಗಳೂ ಮೊದಲನೆಯ ವರ್ಗದಲ್ಲಿವೆ. ಆ ವರ್ಗದ ಆಯುಧಕ್ಕೆ ಪರವಾನಗಿ ಕೊಡುವ ಅಧಿಕಾರ ಹಾಸನದ ಜಿಲ್ಲಾಧಿಕಾರಿಗೂ ಇಲ್ಲ, ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗೂ ಇಲ್ಲ. ಅದು ಕೇಂದ್ರ ಸರ್ಕಾರದ ಕೈಯಲ್ಲಿದೆ. ಬೆಳೆಗಾರನಿಗೆ ಸಿಗುವುದು ಮೂರನೆಯ ವರ್ಗದ ಬಂದೂಕು: ಹನ್ನೆರಡು ಬೋರಿನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ತೋಟಾ ಕೋವಿ, ಹಳೆಯ ಕೇಪಿನ ಕೋವಿ, ಮತ್ತು ಕಾರಣ ತೋರಿಸಿದರೆ ಬೋಲ್ಟ್ ರೈಫಲ್.

ಈ ವರ್ಗೀಕರಣದ ಹಿಂದಿನ ಚರಿತ್ರೆ ಸ್ವಾರಸ್ಯವಾಗಿದೆ. 1857ರ ದಂಗೆಯನ್ನು ಕಂಡಿದ್ದ ಬ್ರಿಟಿಷರು 1878ರ ಕಾಯ್ದೆಯ ಮೂಲಕ ಭಾರತೀಯರ ಕೈಯಿಂದ ಆಯುಧವನ್ನು ದೂರವಿಟ್ಟರು. ಸೇನೆಯ ತೋಟಾ ಯಾವ ಕಾರಣಕ್ಕೂ ನಾಗರಿಕರ ಬಂದೂಕಿಗೆ ಹೊಂದಬಾರದು ಎಂಬುದು ಅವರ ಎಚ್ಚರಿಕೆಯಾಗಿತ್ತು. ಕದ್ದ ತೋಟಾ ಉಪಯೋಗಕ್ಕೆ ಬರಬಾರದು ಎನ್ನುವುದು ಅದರ ಲೆಕ್ಕ. ಹೀಗಾಗಿ ಇಶಾಪುರದಲ್ಲಿ ನಾಗರಿಕರಿಗೆಂದು ತಯಾರಾದ .315 ಸ್ಪೋರ್ಟಿಂಗ್ ರೈಫಲ್ ಮೈಕಟ್ಟಿನಲ್ಲಿ ಸೇನೆಯ ಲೀ-ಎನ್‌ಫೀಲ್ಡ್‌ನ ತಮ್ಮನಂತಿದ್ದರೂ ಅದು ನುಂಗುವ ತೋಟಾ ಮಾತ್ರ ಆಸ್ಟ್ರಿಯದ ಎಂಟು ಮಿಲಿಮೀಟರಿನ ಮ್ಯಾನ್‌ಲಿಕರ್ ಮೂಲದ್ದು. ವಸಾಹತು ಸರ್ಕಾರದ ಆ ಭಯ ಸ್ವತಂತ್ರ ಭಾರತದ ನಿಯಮಗಳಲ್ಲಿ ಇಷ್ಟು ವರ್ಷ ಹಾಗೆಯೇ ಉಳಿಯಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೂ ನಮ್ಮ ಯುವಕರು ಬಯಸುವ ಹಳೆಯ ಮಿಲಿಟರಿ ಗತ್ತು, ಉಕ್ಕಿನ ಬೋಲ್ಟು, ಮರದ ಕಟ್ಟು, ಇವೆಲ್ಲ ಕಾನೂನಿನ ಒಳಗೇ ಸಿಗುವ ಬಂದೂಕು ಯಾವುದಾದರೂ ಇದ್ದರೆ ಅದು ಈ .315. ಅರೆಸ್ವಯಂಚಾಲಿತವಲ್ಲ ಎಂಬುದೊಂದೇ ಕೊರತೆ. ನನ್ನ ಮಟ್ಟಿಗೆ ಅದು ಕೊರತೆಯೂ ಅಲ್ಲ.

ಅಮೆರಿಕದವರಿಗೆ 1791ರ ಎರಡನೆಯ ತಿದ್ದುಪಡಿ ಇರುವಂತೆ ನಮಗೂ ಆತ್ಮರಕ್ಷಣೆಯ ಹಕ್ಕಿನ ಭಾಗವಾಗಿ ಆಯುಧದ ಹಕ್ಕು ಇದೆಯೆಂದು ಆ ಪತ್ರ ಹೇಳುತ್ತದೆ. ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಲ್ಲಿ, 19ನೆಯ ವಿಧಿಯಲ್ಲಿ, ಆಯುಧದ ಪ್ರಸ್ತಾಪ ಬರುವುದು ಶಾಂತಿಯುತವಾಗಿ ಹಾಗೂ ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಹೇಳುವಾಗ. ಆಯುಧ ಹೊಂದುವುದು ಅಮೆರಿಕದಲ್ಲಿರುವಂತೆ ಇಲ್ಲಿ ಮೂಲಭೂತ ಹಕ್ಕಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ, ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯ ಬಗ್ಗೆ ತಾನೇ ಮುಂದಾಗಿ ಕೈಗೆತ್ತಿಕೊಂಡ ವಿಚಾರದಲ್ಲಿ, ಸ್ಪಷ್ಟವಾಗಿ ಹೇಳಿದೆ. ಇದು ಸರಿಯೋ ತಪ್ಪೋ ಎಂದು ಚರ್ಚಿಸಬಹುದು; ಇಲ್ಲದ ಹಕ್ಕನ್ನು ಇದೆಯೆಂದು ಪತ್ರಿಕೆಯಲ್ಲಿ ಬರೆಯಬಾರದು.

ನೆರೆಯ ಕೊಡಗಿನ ಉದಾಹರಣೆಯನ್ನೂ ಅವರು ಕೊಟ್ಟಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಇರುವುದು ಕೋವಿ ಇಟ್ಟುಕೊಳ್ಳಲು ಪರವಾನಗಿ ಪಡೆಯಬೇಕೆಂಬ ನಿಯಮದಿಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ರಾಜ್ಯದ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಬಂದೂಕು ತಯಾರಿಸಲು ಕೊಟ್ಟ ಅನುಮತಿಯಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೆ ಇಡುವ ಕೋವಿಗೂ ಷೆಡ್ಡಿನಲ್ಲಿ ಜೋಡಿಸಿದ ಎಸ್‌ಎಲ್‌ಆರ್‌ಗೂ ಸಂಬಂಧ ಕಲ್ಪಿಸುವುದು ಕೊಡವರಿಗೇ ಇಷ್ಟವಾಗದ ಮಾತು.

ಕಾನೂನಿನ ಮಾತು ಸಾಕು. ಕೈಕೆಲಸದ ಮಾತಿಗೆ ಬರುತ್ತೇನೆ. 7.62ರ ತೋಟಾ ಸಿಡಿದಾಗ ನಳಿಗೆಯ ಹಿಂಭಾಗದಲ್ಲಿ ಉಂಟಾಗುವ ಒತ್ತಡ ಪ್ರತಿ ಚದರ ಇಂಚಿಗೆ 50,000 ಪೌಂಡಿಗೂ ಹೆಚ್ಚು. ಅದನ್ನು ತಡೆದು ನಿಲ್ಲಿಸುವುದು ಬೋಲ್ಟಿನ ಮುಖಕ್ಕೂ ನಳಿಗೆಯೊಳಗೆ ತೋಟಾ ಆನಿಕೊಳ್ಳುವ ಜಾಗಕ್ಕೂ ನಡುವೆ ಇರುವ, ಕೂದಲೆಳೆಯಷ್ಟೂ ತಪ್ಪಬಾರದ ಅಂತರದ ಲೆಕ್ಕಾಚಾರ. ಹೆಡ್‌ಸ್ಪೇಸ್ ಎಂದು ಕರೆಯುವ ಈ ಅಂತರವನ್ನು ನಾವು ಸೇನೆಯಲ್ಲಿ ಗೇಜ್ ಹಾಕಿ ಪರೀಕ್ಷಿಸುತ್ತಿದ್ದೆವು. ಗೇಜಿನಲ್ಲಿ ನಪಾಸಾದ ರೈಫಲ್ ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಕೋತ್‌ಗೆ ಹಿಂದಿರುಗುತ್ತಿರಲಿಲ್ಲ. ಅಂತರ ಹೆಚ್ಚಾದರೆ ಹಿತ್ತಾಳೆಯ ತೋಟಾ ಹರಿದು ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಬರುತ್ತದೆ. ಉಕ್ಕನ್ನು ಎಷ್ಟು ಕಾಯಿಸಬೇಕು, ಹೇಗೆ ತಣಿಸಬೇಕು ಎಂಬುದರಲ್ಲಿ ಸ್ವಲ್ಪ ಏರುಪೇರಾದರೂ ಮೊದಲ ಕೆಲವು ಗುಂಡುಗಳವರೆಗೆ ಏನೂ ಗೊತ್ತಾಗುವುದಿಲ್ಲ, ಆಮೇಲೆ ಗೊತ್ತಾಗುತ್ತದೆ. ಅಮೆರಿಕದ ಹವ್ಯಾಸಿಯ ಮುಂದೆ ಕಾರ್ಖಾನೆಯಲ್ಲಿ ಹದ ಮಾಡಿದ ರಿಸೀವರ್, ಕೊಳ್ಳಲು ಸಿಗುವ ಗೇಜು, ಕೆಲಸ ಒಪ್ಪಿಸಬಹುದಾದ ಪರವಾನಗಿ ಹೊಂದಿದ ಗನ್‌ಸ್ಮಿತ್ ಇದ್ದಾರೆ. ನಮ್ಮ ಹುಡುಗನ ಮುಂದೆ ನೀರಿನ ಪೈಪು ಮತ್ತು ಲೇತ್ ಇದ್ದಾವು. ಪರವಾನಗಿ ಇಲ್ಲದ ನಾಡಕೋವಿ ಒಡೆದು ಬೆರಳು ಕಳೆದುಕೊಂಡವರ ಸುದ್ದಿ, ಹಂದಿಯೆಂದು ತಿಳಿದು ಜೊತೆಗಾರನಿಗೇ ಈಡು ಹೊಡೆದವರ ಸುದ್ದಿ ಮಲೆನಾಡಿನಲ್ಲಿ ಹೊಸದಲ್ಲ. ಅಂತಹ ಕೋವಿಯಲ್ಲಿರುವುದು ಕರಿಮದ್ದು, ಅದರ ಒತ್ತಡ ನಾನು ಹೇಳಿದ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ.

ಈಗ ತೋಟದ ಅಗತ್ಯದ ಪ್ರಶ್ನೆ. ಸೇನಾ ರೈಫಲ್‌ನ ಗುಂಡು ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗದಲ್ಲಿರುತ್ತದೆ, ಗುರಿ ತಪ್ಪಿದರೆ ಮೂರು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಸಕಲೇಶಪುರದಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಯಾವ ತೋಟದ ಸುತ್ತ ಮೂರು ಕಿಲೋಮೀಟರ್ ಉದ್ದಕ್ಕೂ ಜನರಿಲ್ಲ? ಹಣ್ಣು ಕುಯ್ಯುವವರು, ಮೆಣಸಿನ ಬಳ್ಳಿಗೆ ಏಣಿ ಹಾಕಿದವರು, ಕೂಲಿ ಲೈನ್ ಮನೆಗಳು, ಶಾಲೆಗೆ ಹೋಗುವ ಮಕ್ಕಳಿರುವ ರಸ್ತೆ, ಎಲ್ಲವೂ ಸಿಲ್ವರ್ ಮರಗಳ ಮರೆಯಲ್ಲಿ ಕಣ್ಣಿಗೆ ಬೀಳದೆ ಇರುತ್ತವೆ. ಹನ್ನೆರಡು ಬೋರಿನ ಸಣ್ಣ ಚರೆಯಾದರೆ ಮುನ್ನೂರು ಮೀಟರಿನೊಳಗೆ ನೆಲ ಸೇರುತ್ತದೆ. ಬೆಳೆ ಕಾಯುವವನಿಗೆ ಬೇಕಾದ ಸದ್ದು ಅದರಲ್ಲಿ ಬೇಕಾದಷ್ಟಿದೆ. ಆನೆಯ ವಿಷಯದಲ್ಲಂತೂ ಯಾವ ಬಂದೂಕೂ ಬೆಳೆಗಾರನ ಪರಿಹಾರವಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯನ್ನು ಪ್ರಾಣರಕ್ಷಣೆಯ ಅನಿವಾರ್ಯ ಕ್ಷಣದ ಹೊರತು ಕೊಲ್ಲುವಂತಿಲ್ಲ; ಬೆಳೆ ಹಾಳಾಯಿತು ಎಂಬುದು ಆ ಕ್ಷಣವಲ್ಲ. ಗಾಯಗೊಂಡ ಆನೆ ಆಮೇಲೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಆಲೂರಿನವರಿಗೂ ಯಸಳೂರಿನವರಿಗೂ ನಾನು ವಿವರಿಸಬೇಕಾಗಿಲ್ಲ. ಪಳಗಿದ ಸಿಬ್ಬಂದಿ, ಅರಿವಳಿಕೆ, ಕುಮ್ಕಿ ಎಂಬ ಪಳಗಿಸಿದ ಆನೆಗಳು ಇದ್ದ ಕಾರ್ಯಾಚರಣೆಯಲ್ಲೇ 2023ರ ಡಿಸೆಂಬರ್‌ನಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ನಮ್ಮ ತಾಲ್ಲೂಕಿನಲ್ಲಿ ಪ್ರಾಣ ಬಿಟ್ಟಿತು.

ಮಲೆನಾಡಿಗೆ ಸೇನಾ ಮಾದರಿಯ ರೈಫಲ್‌ಗಳ ಪರಿಚಯವಾದದ್ದು ಇನ್ನೊಂದು ದಾರಿಯಿಂದ ಎಂಬುದನ್ನೂ ಮರೆಯುವಂತಿಲ್ಲ. 2005ರ ಫೆಬ್ರುವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಡೆದ ನಕ್ಸಲ್ ಎನ್‌ಕೌಂಟರಿನಿಂದ ಹಿಡಿದು 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾಗುವವರೆಗಿನ ಎರಡು ದಶಕಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಡಂಚಿನ ಮನೆಗಳವರು ಕೂಂಬಿಂಗ್, ತಪಾಸಣೆ, ಅನುಮಾನ ಎಲ್ಲವನ್ನೂ ನೋಡಿದ್ದಾರೆ. ಅಂತಹ ಊರಿನಲ್ಲಿ ಷೆಡ್ಡಿನಲ್ಲಿ ಸಿಕ್ಕ ಒಂದು ಮ್ಯಾಗಜಿನ್ ಹವ್ಯಾಸದ ವಸ್ತುವೆಂದು ಯಾವ ಠಾಣೆಯ ಇನ್‌ಸ್ಪೆಕ್ಟರ್ ನಂಬುತ್ತಾರೆ? ನಂಬಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಹಾಗಾದರೆ ಬಂದೂಕಿನ ವಿಷಯದಲ್ಲಿ ಬೆಳೆಗಾರರು ಕೇಳಬೇಕಾದ್ದು ಏನೂ ಇಲ್ಲವೇ? ಬೇಕಾದಷ್ಟಿದೆ, ಮತ್ತು ಅದು ಸಿಗುವಂಥದ್ದು. ಹಳೆಯ ತೋಟಾ ಕೋವಿಯ ಸ್ಪ್ರಿಂಗ್ ಮುರಿದರೆ, ನಳಿಗೆ ಸಡಿಲವಾದರೆ, ಅದನ್ನು ಕಾನೂನುಬದ್ಧವಾಗಿ ಸರಿಪಡಿಸಿಕೊಡುವ ಪರವಾನಗಿದಾರರು ನಮ್ಮ ಭಾಗದಲ್ಲಿ ಅಪರೂಪವಾಗಿದ್ದಾರೆ. ತಂದೆ ಮಾಡುತ್ತಿದ್ದ ರಿಪೇರಿ ಕೆಲಸವನ್ನು ಮಗ ಮುಂದುವರಿಸುವುದಿಲ್ಲ; ಕಾಗದಪತ್ರದ ಭಾರಕ್ಕೆ ಸಂಪಾದನೆ ಸಾಲದು. ಫಲವಾಗಿ ಜನ ಕೋವಿಯನ್ನು ಸುಮ್ಮನೆ ತುಕ್ಕು ಹಿಡಿಯಲು ಬಿಡುತ್ತಾರೆ, ಇಲ್ಲವೇ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ; ಎರಡನೆಯದು ಅಪಾಯವೂ ಹೌದು, ಅಪರಾಧವೂ ಹೌದು. ನಿವೃತ್ತ ಆರ್ಮರರ್‌ಗಳು ಹಾಸನ ಜಿಲ್ಲೆಯಲ್ಲೇ ಸಾಕಷ್ಟು ಮಂದಿ ಇದ್ದೇವೆ. ಅರ್ಹತೆಯಿರುವ ನಮ್ಮಂಥವರಿಗೆ ದುರಸ್ತಿಯ ಪರವಾನಗಿ ನೀಡಿ, ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ಪೊಲೀಸರ ಸಮಕ್ಷಮ ಕೋವಿ ತಪಾಸಣೆಯ ಶಿಬಿರ ನಡೆಸಿದರೆ ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲ. ಯಾರ ಬಳಿ ಯಾವ ಕೋವಿ ಯಾವ ಸ್ಥಿತಿಯಲ್ಲಿದೆ ಎಂಬುದೂ ಇಲಾಖೆಗೆ ತಿಳಿಯುತ್ತದೆ.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಕ್ರಮ ಇನ್ನೊಂದು. ಚುನಾವಣಾ ಆಯೋಗದ ಸೂಚನೆ ಇರುವುದು ಪರಿಶೀಲನಾ ಸಮಿತಿಯೊಂದು ಪರವಾನಗಿದಾರರ ಪಟ್ಟಿಯನ್ನು ನೋಡಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಗಳಲ್ಲಿ ಪಾಲ್ಗೊಂಡವರು ಇಂಥವರಿಂದ ಆಯುಧ ಪಡೆಯಬೇಕೆಂದು. ನಮ್ಮಲ್ಲಿ ಮಾತ್ರ ಊರಿನ ಎಲ್ಲರ ಕೋವಿಯೂ ಒಂದೇ ಸಾಲಿನಲ್ಲಿ ಠಾಣೆಯ ಮೂಲೆ ಸೇರುತ್ತದೆ. ಫಲಿತಾಂಶ ಬಂದ ಮೇಲೂ ಅದನ್ನು ಬಿಡಿಸಿಕೊಳ್ಳಲು ಓಡಾಡಬೇಕು. ತೇವದ ಕೋಣೆಯಲ್ಲಿ ಒರಗಿಸಿಟ್ಟ ಕೋವಿ ವಾಪಸು ಬರುವಾಗ ನಳಿಗೆಯೊಳಗೆ ಕೆಂಪು ತುಕ್ಕು ಕಟ್ಟಿರುತ್ತದೆ. ಎಣ್ಣೆ ಹಚ್ಚಿ, ರಸೀದಿಯಲ್ಲಿ ಸ್ಥಿತಿಯನ್ನು ಬರೆದು ತೆಗೆದುಕೊಳ್ಳಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಪರವಾನಗಿಯ ಅವಧಿಯನ್ನು 2019ರ ತಿದ್ದುಪಡಿ ಮೂರು ವರ್ಷದಿಂದ ಐದಕ್ಕೆ ಏರಿಸಿದ್ದು ಒಳ್ಳೆಯದಾಯಿತು; ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇನ್ನು ಭದ್ರಾ ಅಭಯಾರಣ್ಯದ ಸುತ್ತಿನವರಿಗೆ ಒಂದು ಮಾತು: ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿರುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕೆಂದು ವನ್ಯಜೀವಿ ಕಾಯ್ದೆಯ 34ನೆಯ ಕಲಮು ಹೇಳುತ್ತದೆ, ಅಲ್ಲಿ ಹೊಸ ಪರವಾನಗಿಗೂ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅನೇಕರಿಗೆ ಇದು ಗೊತ್ತೇ ಇಲ್ಲ.

ಪತ್ರ ಬರೆದ ಯುವಕರಿಗೆ, ಅವರಂತೆಯೇ ಯಂತ್ರದ ಹುಚ್ಚಿರುವ ಎಂಜಿನಿಯರಿಂಗ್ ಮತ್ತು ಐಟಿಐ ವಿದ್ಯಾರ್ಥಿಗಳಿಗೆ ಹೇಳುವುದಿದೆ. ರೈಫಲ್ ತಯಾರಿಸಬೇಕೆಂಬ ಆಸೆಯಿದ್ದರೆ ಈ ದೇಶದಲ್ಲಿ ಅದಕ್ಕೆ ದಾರಿಗಳಿವೆ. ಇಶಾಪುರ ಮತ್ತು ತಿರುಚಿರಾಪಳ್ಳಿಯ ಕಾರ್ಖಾನೆಗಳು 2021ರ ಅಕ್ಟೋಬರ್‌ನಿಂದ ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಸರ್ಕಾರಿ ಕಂಪನಿಯೊಂದರ ಅಡಿಯಲ್ಲಿವೆ. ಉತ್ತರ ಪ್ರದೇಶದ ಕೊರ್ವಾದಲ್ಲಿ ರಷ್ಯಾದ ಸಹಯೋಗದಿಂದ ಎಕೆ-203 ತಯಾರಾಗುತ್ತಿದೆ. ಖಾಸಗಿಯವರಿಗೂ ಪರವಾನಗಿ ಸಿಗುವಂತಾದ ಮೇಲೆ ಬೆಂಗಳೂರಿನಲ್ಲೇ ರೈಫಲ್ ವಿನ್ಯಾಸ ಮಾಡುವ ಕಂಪನಿ ತಲೆಯೆತ್ತಿದೆ. ಸೇನೆಯ ಇ.ಎಂ.ಇ.ಯಲ್ಲಿ ಆರ್ಮರರ್ ಕೆಲಸ ಇದ್ದೇ ಇದೆ; ಅಲ್ಲಿ ಬಿಚ್ಚಿ ಜೋಡಿಸಲು ಸಿಗುವಷ್ಟು ರೈಫಲ್‌ಗಳು ಅಮೆರಿಕದ ಯಾವ ಹವ್ಯಾಸಿಗೂ ಸಿಗಲಾರವು. ಗುರಿ ಹೊಡೆಯುವುದೇ ಇಷ್ಟವಾದರೆ, ಗುಂಡಿನ ಶಕ್ತಿ 20 ಜೂಲ್ ಮೀರದ .177 ಬೋರಿನ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಒಲಿಂಪಿಕ್‌ನ ಹತ್ತು ಮೀಟರ್ ಸ್ಪರ್ಧೆ ನಡೆಯುವುದೂ ಇದೇ ಬೋರಿನಲ್ಲಿ. ಹೊಸ ಪರವಾನಗಿ ಕೇಳುವವರು ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನು ಹೇಗೂ ಒಪ್ಪಿಸಬೇಕು. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ತಾಲ್ಲೂಕು ಮಟ್ಟದಲ್ಲಿ ಪ್ರತಿವರ್ಷ ನಿಗದಿತ ತಿಂಗಳಲ್ಲಿ ನಡೆಯುವಂತಾದರೆ ಇಂಥ ಹುಡುಗರಿಗೂ ಬೆಳೆಗಾರರಿಗೂ ಒಟ್ಟಿಗೇ ಅನುಕೂಲ.

ಎಸ್‌ಎಲ್‌ಆರ್‌ನ ಚರಿತ್ರೆಯನ್ನು ಕಣ್ಣಾರೆ ನೋಡುವ ಆಸೆಗೂ ಕಾನೂನಿನಲ್ಲಿ ಅವಕಾಶವಿದೆ. ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ, ಪುರಾತನ ಮೌಲ್ಯದ ಅಥವಾ ಬಳಕೆ ತಪ್ಪಿದ ಮಾದರಿಯ ಆಯುಧಕ್ಕೆ ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ಸೇನೆ ಮತ್ತು ಪೊಲೀಸ್ ಇಲಾಖೆ ಕೈಬಿಟ್ಟ 1ಎ1 ರೈಫಲ್‌ಗಳಲ್ಲಿ ಒಂದೆರಡನ್ನು ನಳಿಗೆ ಮುಚ್ಚಿ, ಬೋಲ್ಟ್ ಬೆಸೆದು, ಒಳಗಿನ ಯಂತ್ರ ಕಾಣುವಂತೆ ಪಕ್ಕವನ್ನು ಕೊರೆದು, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಾಜಿ ಸೈನಿಕರ ಸಂಘದ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಎರಡೂ ಜಿಲ್ಲಾಡಳಿತಗಳು ಪತ್ರ ವ್ಯವಹಾರ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಅದು ಕೆಲಸ ಮಾಡುತ್ತಿದ್ದ ಬಗೆಯನ್ನು ನಿಂತು ವಿವರಿಸಲು ನಾವು ಕೆಲವರು ಸಿದ್ಧರಿದ್ದೇವೆ.

ಕೊನೆಯದಾಗಿ, ತಂದೆಯೋ ಅಜ್ಜನೋ ತೀರಿಕೊಂಡ ಮೇಲೆ ಅವರ ಹೆಸರಿನ ಕೋವಿಯನ್ನು ಅಟ್ಟದ ಮೇಲಿಟ್ಟು ಮರೆತಿರುವ ಮನೆಗಳು ಎರಡೂ ಜಿಲ್ಲೆಗಳಲ್ಲಿವೆ. ಪರವಾನಗಿದಾರ ತೀರಿಕೊಂಡರೆ ಆ ಕೋವಿಯನ್ನು ಅನಗತ್ಯ ತಡ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿಗೆ ಅರ್ಜಿ ಹಾಕಬೇಕು. ತಡವಾಗಿದ್ದರೂ ಈಗಲೇ ವಕೀಲರೊಬ್ಬರನ್ನು ಕೇಳಿಕೊಂಡು ಠಾಣೆಗೆ ಹೋಗುವುದು ಒಳ್ಳೆಯದು. ಹೋಗುವಾಗ ಮರಣ ಪ್ರಮಾಣಪತ್ರದ ಜೊತೆಗೆ ಹಳೆಯ ಪರವಾನಗಿ ಪುಸ್ತಕವನ್ನೂ ಒಯ್ಯಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಸೈನಿಕ ಹಾಗೂ ಕಾಫಿ ಬೆಳೆಗಾರ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ